ರಕ್ತ ನಿಲ್ಲಿಸುವವನ ನಂಬರು

ಇಪ್ಪತ್ತು ವರ್ಷ ಯೋವ್ನನ ಬಿ.ಪಿ. ನೋಡಿದ್ದೇನೆ.
ಮೊಣಕಾಲು, ಮೂತ್ರ, ಕೆಮ್ಮು,
ಹೆಂಡತಿ ಸತ್ತ ವರ್ಷದ ನಿದ್ದೆ.
ದೇವರ ಸುದ್ದಿ ಮಾತ್ರ ಎತ್ತಿರಲಿಲ್ಲ.
ಅದು ಪಾದ್ರಿಯ ಇಲಾಖೆ. ಮೇಲಾಗಿ
ಹೊರಗೆ ಯಾವಾಗಲೂ ಆರು ಜನ.

ಇವತ್ತು ಮೇಜಿನ ಮೇಲೆ ಸ್ಕ್ಯಾನಿನ ಕಾಗದ.
ಕಿಟಕಿಯಾಚೆ ಪೊರ್ಸಾಂಗರ್ ಕೊಲ್ಲಿ,
ಮಧ್ಯಾಹ್ನ ಒಂದಕ್ಕೇ ಕತ್ತಲು.
ಕಂಪ್ಯೂಟರಿನ ಪರದೆ ಆಚೆ ತಿರುಗಿಸಿ ಕೇಳಿದೆ:
"ಇಂಥ ಹೊತ್ತಲ್ಲಿ ಏನನ್ನು ಹಿಡಿದು ನಿಲ್ಲುತ್ತೀಯ?"
ಕೈಯಲ್ಲಿದ್ದ ಟೊಪ್ಪಿಗೆ ತಿರುಗಿಸಿದ,
ಒಂದು ಸುತ್ತು, ಇನ್ನೊಂದು.
"ದೋಣಿಯ ಅಂಚನ್ನು," ಅಂದು ನಕ್ಕ.

ಆಮೇಲೆ, ಕಳ್ಳಮಾಲು ತೋರುವವನ ದನಿಯಲ್ಲಿ:
ಆಚೆ ದಡದಲ್ಲಿ ಒಬ್ಬನಿದ್ದಾನೆ,
ಓದಿ ರಕ್ತ ನಿಲ್ಲಿಸುವವನು.
ಹೆಸರು, ಹುಟ್ಟಿದ ದಿನ ಹೇಳಿದರೆ ಸಾಕು, ಫೋನಿನಲ್ಲೇ.
"ನಿನ್ನ ಗುಳಿಗೆ ಬಿಡೋದಿಲ್ಲ. ಬೈಬೇಡ."

ಬೈಯಲಿಲ್ಲ.
ನಂಬಿದೆನೇ? ಇಲ್ಲ.
ಏನೂ ನಂಬದ ನಾನು, ಅಪ್ಪ ಸಾಯುವಾಗ
ಅವನ ಕೈಗಡಿಯಾರಕ್ಕೆ ಕೀಲಿ ಕೊಡುತ್ತ ಕೂತಿದ್ದೆ,
ಮೂರು ರಾತ್ರಿ.

ಶಸ್ತ್ರಚಿಕಿತ್ಸೆ ಮಂಗಳವಾರ, ಬೆಳಿಗ್ಗೆ ಎಂಟಕ್ಕೆ.
ಟ್ರೊಮ್ಸೊ ಆಸ್ಪತ್ರೆಯ ಫಾರ್ಮಿನಲ್ಲಿ
ಅಲರ್ಜಿ: ಪೆನಿಸಿಲಿನ್.
ಹತ್ತಿರದ ಬಂಧು: ಮಗಳು ಮಾರ್ಗಿಟ್.
ಉಳಿದದ್ದಕ್ಕೆ ಜಾಗವಿಲ್ಲ.
ಅಂಚಿನಲ್ಲಿ ಬರೆದೆ, ಡಾಕ್ಟರ ಕೈಬರಹ ಬಿಟ್ಟು, ದುಂಡಗೆ:
ಅರಿವಳಿಕೆಗೆ ಮುಂಚೆ
ಇವರಿಗೆ ಒಂದು ಫೋನ್ ಮಾಡಲು ಬಿಡಿ.

ಬಾಗಿಲಿಗೆ ಹೋದವನು ನಿಂತು ಕೇಳಿದ,
ಅಂಥದ್ದೇನೂ ಅಲ್ಲ ಅನ್ನುವ ಹಾಗೆ:
"ನೀನು ಹುಟ್ಟಿದ ದಿನ ಯಾವುದು, ಟೂರಿಡ್?"

ಹೇಳಿಬಿಟ್ಟೆ.
ವರ್ಷವನ್ನೂ.