ಹನ್ನೊಂದು ಹೆಜ್ಜೆ

ಜೆಪ್ಪುವಿನ ಹಳೆ ಹಂಚಿನ ಕಾರ್ಖಾನೆ, ಈಗ ಗೇರುಬೀಜದ್ದು.
ಲಕ್ಸ್ ಮೀಟರು ಹಿಡಿದು ನಿಂತಿದ್ದೇನೆ: ಮುನ್ನೂರ ಹತ್ತು.
ಪುಸ್ತಕದ ಪ್ರಕಾರ ಸಾಕು.

ಸೆವೆರಿನ್ ಬಾಯಿಗೆ ಸಾಲದು.
ಸಂಶಯ ಬಂದಾಗೆಲ್ಲ ಬೀಜವೊಂದನ್ನು ಅಂಗೈಯಲ್ಲಿಟ್ಟು
ಹಿಂಬಾಗಿಲಿಗೆ ನಡೆಯುತ್ತಾರೆ, ಹನ್ನೊಂದು ಹೆಜ್ಜೆ,
ಹಗಲಿಗೆ ತೋರಿಸಿ ಬರುತ್ತಾರೆ:
ಬಿಳಿಯೋ, ಕೆಂಪು ಹತ್ತಿದ್ದೋ.
ಮ್ಯಾನೇಜರು ವಾಮನ ಶೆಟ್ಟಿಗಾರರ ಲೆಕ್ಕದಲ್ಲಿ
ಆ ಹೆಜ್ಜೆಯೆಲ್ಲ ನಷ್ಟ. ನನ್ನನ್ನು ಕರೆಸಿದ್ದೇ ಅದಕ್ಕೆ.

"ನಿಮ್ಮ ಟ್ಯೂಬು ಸುಳ್ಳು ಹೇಳ್ತದೆ ಮಾರಾಯ್ರೆ,
ಎಲ್ಲವನ್ನೂ ಬಿಳಿ ಅಂತದೆ.
ಡಬ್ಬಿ ವಾಪಸು ಬಂದ್ರೆ
ಸಂಬಳ ಕಟ್ಟಾಗುವುದು ಟ್ಯೂಬಿಗಾ?"

ಅವರ ಸ್ಟೂಲಿನಲ್ಲಿ ಕೂತು ನೋಡಿದೆ.
ದೀಪ ಬೆನ್ನ ಹಿಂದೆ.
ತಟ್ಟೆಯ ತುಂಬ ನನ್ನದೇ ತಲೆ, ಕಪ್ಪಗೆ.
ಇಪ್ಪತ್ತು ವರ್ಷ ನಾನು
ಮಾಡಿಗೇ ಬೆಳಕು ಹಾಕುತ್ತ ಬಂದಿದ್ದೆ.

ದೀಪ ಇಳಿಸಿದೆ, ಮುಂದಕ್ಕೆ, ತುಸು ಓರೆಯಾಗಿ.
ಬಣ್ಣ ಕದಿಯದ ಜಾತಿಯದ್ದು, ಕ್ರಯ ಜಾಸ್ತಿ;
ಶೆಟ್ಟಿಗಾರರು ಬಿಲ್ಲು ಮೂರು ಸಲ ಓದಿದರು.
ನಾಲ್ಕು ಹಂಚು ತೆಗೆಸಿ ಕನ್ನಡಿ ಹಂಚು ಇಡಿಸಿದೆ.
ಅದು ನಕ್ಷೆಯಲ್ಲಿರಲಿಲ್ಲ,
ಅಜ್ಜಿಯ ಅಡುಗೆಕೋಣೆಯಿಂದ ಬಂದದ್ದು,
ಹೊಗೆಯ ನಡುವೆ ನಿಂತಿರುತ್ತಿದ್ದ
ಒಂದು ಚೌಕ ಬಿಸಿಲು.

ಈಗ ಕೆಂಪು ಕೆಂಪಾಗಿಯೇ ಕಾಣುತ್ತದೆ.
ಎದ್ದು ಹೋಗುವ ಕೆಲಸವಿಲ್ಲ.

ನಾಲ್ಕು ಗಂಟೆಯ ಹೊತ್ತಿಗೆ
ಸೆವೆರಿನ್ ಬಾಯಿ ಸೆರಗು ಕೊಡವಿ ಎದ್ದು
ಬಾಗಿಲಿಗೆ ಹೋದರು.
ಅಂಗೈ ಖಾಲಿ.
ನದಿಯ ಕಡೆಯಿಂದ ಗಾಳಿ ಬರುತ್ತಿತ್ತು.
ಶೆಟ್ಟಿಗಾರರು ಗಡಿಯಾರ ನೋಡಿ
ನನ್ನನ್ನು ನೋಡಿದರು.
ನಾನು ವಯರಿನ ತುಂಡು ಹೆಕ್ಕುವ ನೆಪದಲ್ಲಿ
ಬಗ್ಗಿದೆ.