ಮೂರನೇ ತರಗತಿಯ ಅಚ್ಚು

ಇಪ್ಪತ್ತೆರಡು ಥರ್ಮಾಕೋಲ್ ತಟ್ಟೆ,
ಬಂದರಿನ ಮಾಂಸದಂಗಡಿಯವನು ಪುಕ್ಕಟೆ ಕೊಟ್ಟದ್ದು.
ರಾತ್ರಿ ಕೂತು ಸೋಪು ಹಾಕಿ ತೊಳೆದೆ. ಆದರೂ ತುಸು ವಾಸನೆ.
"ಇದರ ಮೇಲೆ ಕೋಳಿ ಇತ್ತು" ಎಂದಳು ಟೆಸ್ಸಾ, ಮೂಗು ಹಿಡಿದು.
ಇತ್ತು. ಇವತ್ತು ಕಡಲು, ಎಂದೆ.

ಜಪಾನಿನಲ್ಲಿ ಹಿಂದೆ ಚೆರ್ರಿ ಮರದ ಹಲಗೆ;
ಬರೆಯುವವನೊಬ್ಬ, ಕೊರೆಯುವವನೊಬ್ಬ, ಒತ್ತುವವನೊಬ್ಬ,
ಬಣ್ಣಕ್ಕೊಂದು ಹಲಗೆ.
ನಮ್ಮಲ್ಲಿ ಮೊಂಡು ಪೆನ್ಸಿಲ್, ಒಂದೇ ಒಂದು ನೀಲಿ,
ಶಾಲೆಯ ಅಡುಗೆಮನೆಯಿಂದ ಕಡ ತಂದ ಆರು ಮರದ ಸೌಟು.

ಗೋಡೆಯ ಮೇಲೆ ಹಳೇ ಕ್ಯಾಲೆಂಡರಿನ ಹಾಳೆ:
ಗುಡ್ಡ, ದೋಣಿ, ಓರೆಯಾಗಿ ಗೀಟು ಗೀಟು ಮಳೆ.
ಮಳೆಯನ್ನು ಯಾರಾದರೂ ಗೆರೆಯಾಗಿ ಕಂಡಿದ್ದೀರಾ?
"ಅಪ್ಪನ ಟ್ರಕ್ಕಿನ ದೀಪದೆದುರು" ಅಂದಿತು ಹಿಂದಿನ ಬೆಂಚು.

ಒತ್ತಿದ್ದು ಬಿಳಿ ಉಳಿಯುತ್ತದೆ, ಬಿಟ್ಟದ್ದು ಬಣ್ಣ ಹಿಡಿಯುತ್ತದೆ.
ಎರಡು ಸಲ ಹೇಳಿದೆ. ಯಾರು ಕೇಳಬೇಕು?
ವೈಲಿ ತೂತು ಬೀಳುವ ತನಕ ಒತ್ತಿ, ಸೂರ್ಯ ಎಂದ.
ಟೆಸ್ಸಾ ಒತ್ತಿದ್ದೇ ಸಾಲದೆ
ಹಾಳೆ ತುಂಬ ಬರೀ ನೀಲಿ. "ರಾತ್ರಿ ಮಿಸ್."
ಎಲ್ಲರ ಆಕಾಶದ ಮೂಲೆಯಲ್ಲೂ ತಟ್ಟೆ ಕಂಪನಿಯ ನಂಬರು,
ಅಲ್ಲಿಯವರ ಪುಟ್ಟ ಕೆಂಪು ಮೊಹರಿನ ಹಾಗೆ.
ಅಂಚು ಕತ್ತರಿಸಲು ಮರೆತದ್ದು ನಾನೇ.

ಓರಿನ್ ಕ್ಯಾಲೆಂಡರಿನ ದೋಣಿ ದಿಟ್ಟಿಸುತ್ತಿದ್ದ,
ಎಂಟು ವರ್ಷದ ತಜ್ಞ.
"ತಪ್ಪು. ಅಲೆಗೆ ಮಗ್ಗುಲು ಕೊಡಬಾರದು, ಮೂತಿ ಕೊಡಬೇಕು."
ತಾನು ಸರಿಯಾಗಿ ಬರೆದ:
ಲಾಬ್‌ಸ್ಟರ್ ಬೋನು ಪೇರಿಸಿಕೊಂಡು
ಬಲಕ್ಕೆ ಮೂತಿ ಮಾಡಿ ಹೊರಟ ದೋಣಿ,
ಪಕ್ಕದಲ್ಲಿ ಅದರ ಹೆಸರು, ಅವನ ಅಜ್ಜಿಯದು.

ಸೌಟಿನ ಬೆನ್ನಿಂದ ಉಜ್ಜಿದ. ಹಾಳೆ ಎತ್ತಿದ.
ಅಕ್ಷರಗಳೆಲ್ಲ ಬೆನ್ನು ತಿರುಗಿಸಿ ನಿಂತಿದ್ದವು.
ದೋಣಿ ಎಡಕ್ಕೆ.
"ನೀವು ಹೇಳಲೇ ಇಲ್ಲ!"
ಹೇಳಿರಲಿಲ್ಲ. ಹದಿನಾಲ್ಕು ವರ್ಷದಿಂದ ಕಲಿಸುತ್ತೇನೆ,
ಪ್ರತಿ ವರ್ಷವೂ ಒಂದನ್ನು ಮರೆಯುತ್ತೇನೆ.
ಇನ್ನೊಂದು ತಟ್ಟೆ ಕೊಡಲೇ ಎಂದೆ. ತಟ್ಟೆ ಮುಗಿದಿತ್ತು.

ಬಟ್ಟೆ ಕ್ಲಿಪ್ಪು ಹಾಕಿ ಕಿಟಕಿಯ ದಾರಕ್ಕೆ ತೂಗಿಬಿಟ್ಟೆವು.
ನಮ್ಮ ಕಿಟಕಿಯಲ್ಲಿ ಬಲಕ್ಕೆ ಕಡಲು,
ಎಡಕ್ಕೆ ಬಂದರು, ಐಸ್ ಕಾರ್ಖಾನೆ, ಅವರ ಮನೆ.
ನೀಲಿ ಬೆರಳುಗಳನ್ನು ಪ್ಯಾಂಟಿಗೆ ಒರೆಸುತ್ತ
ಹಾಳೆ ನೋಡಿದ, ಹೊರಗೆ ನೋಡಿದ, ಗಡಿಯಾರ ನೋಡಿದ.

"ಇರಲಿ ಬಿಡಿ" ಎಂದ,
"ಮೂರಾಗ್ತಾ ಬಂತು.
ಈ ಹೊತ್ತಿಗೆ ಹೀಗೇ ಇರುತ್ತೆ."

ಅಷ್ಟರಲ್ಲಿ ಸಿಂಕಿನ ಬಳಿ ಯಾರೋ ಯಾರನ್ನೋ ತಳ್ಳಿದರು.