ನಿಂಗಾ

ಎಲೆಯೊಳಗೆ ಎಲೆಯಂತೆ ಕೂತ ಹಕ್ಕಿಯನ್ನು
ಎಣಿಸುವುದು ಹೇಗೆ?
ಕಿವಿಯಿಂದ, ಅನ್ನುತ್ತಾನೆ ಫಾಕಿ.
ಅತ್ತಿಮರದ ಬುಡಕ್ಕೆ ಬೆನ್ನು ಕೊಟ್ಟು ಬಾಯಿ ಮುಚ್ಚಿಕೊಂಡಿರು.
ಟಪ್ ಅಂದರೆ ಬರೀ ಹಣ್ಣು, ಗಾಳಿಯ ಕೆಲಸ.
ಟಪ್ ಅಂದು, ಹಿಂದೆಯೇ ಕೊಂಬೆ ತುಸು ಜಗ್ಗಿದರೆ
ಅದು ನಿಂಗಾ, ಹಸಿರು ಪಾರಿವಾಳ.

ಪೆಂಬಾ ದ್ವೀಪದ ಬಡಗಣ ತುದಿಯಲ್ಲಿ ಫಾಕಿಯ ಕಾಡು.
ಕಾಡು ಮುಗಿದಲ್ಲಿಂದ ಲವಂಗ:
ಚಾಪೆಯ ಮೇಲೆ, ರಸ್ತೆಯ ಅಂಚಲ್ಲಿ,
ಮಲಗುವ ಮಕ್ಕಳ ಕೂದಲಲ್ಲಿ.
ಮೊಗ್ಗು ಬಿಡಿಸುತ್ತ ಕೂತ ತಾಯಿ ಬೀ ಮಿಜೆ ಕೇಳುತ್ತಾಳೆ:
"ಹಕ್ಕಿ ಹೆಚ್ಚಾದರೆ ಸಂಬಳ ಹೆಚ್ಚೋ,
ಕಡಿಮೆಯಾದರೆ ಹೆಚ್ಚೋ?"
ಫಾಕಿಗೂ ಗೊತ್ತಿಲ್ಲ.

ಕಡಲಾಚೆ ಟಾಂಗಾದಲ್ಲಿ ಅಕ್ಕ ರಿಜಿಕಿ.
ಅಲ್ಲೂ ನಿಂಗಾ ಇದೆ. ಹೆಸರು ಒಂದೇ,
ಹೆಗಲ ಮೇಲೆ ಅದೇ ನೇರಳೆ ಕಲೆ,
ಕಾಲಿಗೆ ಅದೇ ಹಳದಿ ಚಡ್ಡಿ.
ಆದರೆ ಅಲ್ಲಿಯದರ ಎದೆ
ಮಾಗುವ ನಿಂಬೆಯ ಹಾಗೆ ಹಸಿರು;
ನಮ್ಮದರ ಮೋರೆಗೆ, ಎದೆಗೆ
ಯಾರೋ ಒಲೆಯ ಬೂದಿ ಊದಿದ್ದಾರೆ.
ಯಾವ ಕಾಲದಲ್ಲೋ ನಾಲ್ಕು ಹಕ್ಕಿ ನೀರು ದಾಟಿದ್ದಿರಬೇಕು,
ತಿರುಗಿ ಹೋಗಲು ಮರೆತಿರಬೇಕು.
ಬೂದಿ ಆಮೇಲಿನದು.

ಕಚೇರಿಯಿಂದ ಬಂದ ಹಾಳೆಯಲ್ಲಿ ಎರಡು ಸಾಲು.
ದ್ವೀಪದ್ದರ ಮುಂದೆ: ಕುತ್ತು ತಾಗಬಹುದಾದದ್ದು.
ದಡದ್ದರ ಮುಂದೆ: ಚಿಂತೆ ತೀರ ಕಡಿಮೆ.
ಫಾಕಿ ಓದಿ ಹೇಳಿದ. ಲವಂಗದ ಕೈ ನಿಂತಿತು.
"ಕಡಿಮೆ ಅಂದರೆ ಎಷ್ಟು?"
"ಅಲ್ಲಿ ಬೇಕಾದಷ್ಟಿವೆ ಅಮ್ಮ. ದಡ ದೊಡ್ಡದು.
ಒಂದು ಮರ ಹೋದರೆ ಇನ್ನೊಂದಕ್ಕೆ ಹಾರುತ್ತವೆ.
ನಮ್ಮವು ಹಾರಿದರೆ ಕಡಲು."

ಅಷ್ಟು ಹೇಳಿ ಅವನು ಚಹಾಕ್ಕೆ ಸಕ್ಕರೆ ಹುಡುಕಿದ.
ಅವಳು ಎಷ್ಟೋ ಹೊತ್ತಿನ ಮೇಲೆ ಅಂದಳು,
ಮೊಗ್ಗಿಗೆ ಹೇಳುವವಳಂತೆ:
"ರಿಜಿಕಿಗೇನು, ಗಂಡ ಒಳ್ಳೆಯವನು, ಹೆಂಚಿನ ಮನೆ,
ಆರು ಮಕ್ಕಳು, ಅಂತ ಅಂದುಕೊಂಡೆ.
ನೀನು ಮರದಿಂದ ಬಿದ್ದವನು, ಮಲೇರಿಯಾದವನು.
ನಿನ್ನ ಉಸಿರು ಎಣಿಸುತ್ತ ರಾತ್ರಿ ಕಳೆದೆ.
ಅವಳನ್ನು ನೋಡಿ ಹನ್ನೊಂದು ವರ್ಷವಾಯಿತು."

ಆ ಸಂಜೆ ಫೋನಿನಲ್ಲಿ ರಿಜಿಕಿ
ಎಂದಿನಂತೆ ಚೆನ್ನಾಗಿದ್ದೇನೆ ಅಂದಳು.
ಆಮೇಲೆ, ಇಡುವ ಮುಂಚೆ:
ಬಸ್ ನಿಲ್ದಾಣದ ಹಿಂದಿನ ಅತ್ತಿ ಕಡಿದರು.
ಹುಡುಗರು ಕವಣೆಯಲ್ಲಿ ಹೊಡೆದು
ನಾಲ್ಕೋ ಐದೋ ಸುಟ್ಟು ತಿಂದರು.
ಐದೋ ನಾಲ್ಕೋ, ಸರಿಯಾಗಿ ನೋಡಲಿಲ್ಲ,
ಇಲ್ಲಿ ಅದನ್ನೆಲ್ಲ ಎಣಿಸುವವರು ಯಾರು?

ಬೆಳಗಿನ ಕಾಡು. ಪೆನ್ಸಿಲು ಕಚ್ಚಿ ಕೂತಿದ್ದಾನೆ ಫಾಕಿ.
ಒಂಬತ್ತು ಬರೆದಾಗಿದೆ.
ಟಪ್.
ಕೊಂಬೆ ಜಗ್ಗಿತೋ, ಕಣ್ಣು ಜಗ್ಗಿತೋ.
ಹಕ್ಕಿ ಕಾಣದೆ ಹತ್ತು ಬರೆಯುವಂತಿಲ್ಲ, ನಿಯಮ.
ಒಂಬತ್ತರ ಪಕ್ಕ ಒಂದು ಚುಕ್ಕಿ ಇಟ್ಟ.

ಅತ್ತ ಮನೆಯಲ್ಲಿ ಬೀ ಮಿಜೆ
ಒಣಗಿದ ಲವಂಗ ಎರಡು ಸೇರು ಗಂಟು ಕಟ್ಟಿ,
ಕೊಡೆ ಹುಡುಕಿ,
ಪಕ್ಕದ ಮನೆಯ ಹುಡುಗನನ್ನು ಕೇಳುತ್ತಿದ್ದಾಳೆ:
ಟಾಂಗಾಕ್ಕೆ ಹಡಗು ಮಂಗಳವಾರವೋ, ಬುಧವಾರವೋ?